ನಾಲ್ಕು ಫರಶಿ ಕಲ್ಲು

ಸೆಪ್ಟೆಂಬರ್ ಕೊನೆಯ ವಾರ. ಕೆಲಸ ಮುಗಿಸಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಫಾರೆಸ್ಟ್ ಮೈದಾನದ ಪಕ್ಕದಿಂದ ಮನೆಗೆ ನಡೆದು ಬರುತ್ತಿದ್ದೆ. ಗೂಸ್ ಫೇರ್ ಅನ್ನೋ ಇಲ್ಲಿನ ಜಾತ್ರೆಗೆ ಇನ್ನೂ ಮೂರು ದಿನ ಇತ್ತು. ಬೇಲಿಯಾಚೆ ಲಾರಿಗಳು ಬಂದು ನಿಂತಿದ್ದವು. ಎಪ್ಪತ್ತರ ಹತ್ತಿರದ ಒಬ್ಬ ಹಿರಿಯರು ಒದ್ದೆ ನೆಲದ ಮೇಲೆ ಮೊಣಕಾಲೂರಿ ಕೂತಿದ್ದರು. ಒಂದು ದೊಡ್ಡ ಆಟದ ಯಂತ್ರದ ಕಬ್ಬಿಣದ ಕಾಲಿನ ಕೆಳಗೆ ಮರದ ತುಂಡುಗಳನ್ನು ಒಂದೊಂದೇ ತೂರಿಸುತ್ತಿದ್ದರು. ಮೊದಲು ದಪ್ಪಂದು, ಆಮೇಲೆ ತೆಳ್ಳಂದು, ಕೊನೆಗೆ ಬೆರಳಿನಷ್ಟು ಅಗಲದ್ದು. ಮೇಲೆ ರಸಮಟ್ಟ ಇಟ್ಟು ನೋಡಿದರು. ಗುಳ್ಳೆ ನಡುವಿಗೆ ಬರಲಿಲ್ಲ. ಎಲ್ಲ ತೆಗೆದು ಮತ್ತೆ ಮೊದಲಿನಿಂದ ಇಟ್ಟರು.

ನಾನು ಅಲ್ಲೇ ನಿಂತುಬಿಟ್ಟೆ. ಇದೇ ಕೆಲಸ, ಹೀಗೇ ಕೂತು, ಇದೇ ತಾಳ್ಮೆಯಿಂದ ಮಾಡುತ್ತಿದ್ದ ಇನ್ನೊಬ್ಬ ಹಿರಿಯರನ್ನು ನಾನು ನೋಡಿದ್ದೇನೆ. ಅವರ ಕೈಯಲ್ಲಿ ಮರದ ತುಂಡು ಇರುತ್ತಿರಲಿಲ್ಲ, ಶಹಾಬಾದ್ ಫರಶಿ, ಅಂದರೆ ಹಾಸುಗಲ್ಲು, ಇರುತ್ತಿತ್ತು.

ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಬೆಳೆದವನು. ಶರಣಬಸವೇಶ್ವರ ಗುಡಿಗೆ ನಮ್ಮ ಮನೆಯಿಂದ ನಡೆದೇ ಹೋಗುತ್ತಿದ್ದೆವು. ಹೋಳಿ ಹುಣ್ಣಿಮೆ ಮುಗಿಯಿತು ಅಂದರೆ ಜಾತ್ರೆ. ಉಚ್ಚಾಯಿ ಅನ್ನೋ ಚಿಕ್ಕ ತೇರು, ದೊಡ್ಡ ತೇರು, ತೇರಿನ ಮೇಲಿಂದ ಪರುಷ ಬಟ್ಟಲು ತೋರಿಸುವ ಹೊತ್ತು, ಬಾಳೆಹಣ್ಣು ಉತ್ತತ್ತಿ ತೂರುವ ಸಾವಿರಾರು ಕೈ. ದೊಡ್ಡವರಿಗೆ ಜಾತ್ರೆ ಅಂದರೆ ಇದು. ನನ್ನ ಜಾತ್ರೆ ಮಾತ್ರ ತೇರಿಗಿಂತ ನಾಲ್ಕೈದು ದಿನ ಮೊದಲೇ ಶುರುವಾಗುತ್ತಿತ್ತು, ಬಯಲಿಗೆ ತೊಟ್ಟಿಲಿನ ಲಾರಿ ಬಂದ ದಿನ. ಜೈಂಟ್ ವೀಲ್ ಅನ್ನೋ ಮಾತು ನಾನು ಕಲಿತದ್ದು ಕಾಲೇಜಿಗೆ ಬಂದ ಮೇಲೆ. ನಮಗೆ ಅದು ತೊಟ್ಟಿಲೇ.

ಆ ತೊಟ್ಟಿಲಿನವರು ಸೊಲ್ಲಾಪುರದ ಕಡೆಯವರು. ಮನೆತನದ ಹಿರಿಯನನ್ನು ಓಣಿಯ ಮಕ್ಕಳೆಲ್ಲ ತೊಟ್ಟಿಲ ಮುತ್ಯಾ ಅಂತ ಕರೆಯುತ್ತಿದ್ದೆವು. ಮುತ್ಯಾ ಲಾರಿಯಿಂದ ಮೊದಲು ಇಳಿಸುತ್ತಿದ್ದದ್ದು ನಾಲ್ಕು ದಪ್ಪ ಫರಶಿ. ನೆಲ ಕೆದರಿ, ಮಣ್ಣು ಹೊಡೆದು ಗಟ್ಟಿ ಮಾಡಿ, ಅದರ ಮೇಲೆ ಕಲ್ಲು ಹಾಸಿ, ಕಲ್ಲಿನ ಮೇಲೆ ತೊಟ್ಟಿಲಿನ ಕಾಲು ಊರುತ್ತಿದ್ದರು. ಒಂದು ಬಟ್ಟಲಲ್ಲಿ ನೀರು ತುಂಬಿ ಕಲ್ಲಿನ ಮೇಲಿಟ್ಟು ವಾಲಿದೆಯಾ ಅಂತ ನೋಡುತ್ತಿದ್ದರು. ಯಾಕೆ ಇಷ್ಟು ಹೊತ್ತು ಅಂತ ಕೇಳಿದರೆ, "ಎರಿ ಮಣ್ಣು ನಂಬೂ ಹಂಗಿಲ್ಲ ತಮ್ಮಾ. ಒಣಗಿದ್ರ ಬಾಯಿ ಬಿಡ್ತದ, ತೊಯ್ದ್ರ ನುಂಗ್ತದ" ಅನ್ನುತ್ತಿದ್ದರು. ಮಾರ್ಚ್ ತಿಂಗಳ ಬಿಸಿಲಿಗೆ ನಮ್ಮ ಎರೆ ಭೂಮಿಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ನಡುವೆ ಒಂದು ಅಕಾಲದ ಮಳೆ ಬಂದರೆ ಅದೇ ನೆಲ ಕೆಸರಾಗಿ ಕಾಲು ಎಳೆದುಕೊಳ್ಳುತ್ತದೆ. ಎಂಜಿನಿಯರಿಂಗ್ ಓದುವಾಗ ಮಣ್ಣಿನ ಪಾಠದಲ್ಲಿ ಇದನ್ನೇ ಎರಡು ವಾರ ಹೇಳಿಕೊಟ್ಟರು. ಮುತ್ಯಾ ಎರಡು ಮಾತಲ್ಲಿ ಹೇಳಿದ್ದರು.

ತೊಟ್ಟಿಲು ನಿಂತ ಮೇಲೆ ಕಾಯಿ ಒಡೆದು, ಲಿಂಬೆಹಣ್ಣು ಕಟ್ಟಿ, ಮೋಟರಿಗೆ ಊದಿನಕಡ್ಡಿ ಬೆಳಗಿ ಮೊದಲ ಸುತ್ತು ಖಾಲಿ ಬಿಡುತ್ತಿದ್ದರು. ಎರಡನೇ ಸುತ್ತಿಗೆ ತಮ್ಮ ಮನೆಯ ಮಕ್ಕಳನ್ನೇ ಕೂರಿಸುತ್ತಿದ್ದರು. ಊರಿನವರಿಗೆ ಮೂರನೇ ಸುತ್ತಿನಿಂದ. ನಮ್ಮವ್ವ ಇದನ್ನು ಗಟ್ಟಿಯಾಗಿ ಹಿಡಿದಿದ್ದಳು. "ಅವರ ಮಕ್ಕಳು ಕೂತು ಇಳಿದ ಮ್ಯಾಲೆ ನೀ ಕೂಡು" ಅನ್ನುತ್ತಿದ್ದಳು.

ನಾಟಿಂಗ್‌ಹ್ಯಾಮ್‌ಗೆ ಬಂದು 13 ವರ್ಷವಾಯಿತು. ಮೊದಲ ಅಕ್ಟೋಬರ್‌ನಲ್ಲಿ ಗೂಸ್ ಫೇರ್ ನೋಡಿದಾಗ ನನಗೆ ಊರು ನೆನಪಾಗಿ ಗಂಟಲು ಕಟ್ಟಿತ್ತು. ಈ ಜಾತ್ರೆಗೆ 700 ವರ್ಷಕ್ಕೂ ಮಿಕ್ಕಿದ ಇತಿಹಾಸ ಇದೆ. 1284ರ ಒಂದು ಸನ್ನದಿನಲ್ಲಿ ಇದರ ಮಾತು ಬರುತ್ತದೆ. ಸುತ್ತಲಿನ ಸೀಮೆಯಿಂದ ಗೂಸ್, ಅಂದರೆ ಹೆಬ್ಬಾತುಗಳ ಹಿಂಡನ್ನು ನಡೆಸಿಕೊಂಡು ತಂದು ಮಾರುತ್ತಿದ್ದರು, ಆ ಹೆಸರೇ ಉಳಿದಿದೆ. ನಮ್ಮ ಜಾತ್ರೆಗಳ ಜೊತೆ ದನದ ಸಂತೆ ಇರುವ ಹಾಗೆಯೇ ಅಲ್ವಾ? 1927ರವರೆಗೆ ಊರಿನ ನಡುವಿನ ಚೌಕದಲ್ಲೇ ನಡೆಯುತ್ತಿತ್ತು, 1928ರಲ್ಲಿ ಈ ಮೈದಾನಕ್ಕೆ ಬಂತು. ಇಲ್ಲಿ ಬೇಯಿಸಿದ ಬಟಾಣಿಗೆ ಪುದೀನಾ ರಸ ಹಾಕಿ ಬಟ್ಟಲಲ್ಲಿ ಕೊಡುತ್ತಾರೆ. ನನಗೆ ಅದು ಗುಗ್ಗರಿಯೇ. ಸುಸ್ಲಾ ಮಿರ್ಚಿಯ ಜಾಗ ತುಂಬದು, ಆದರೂ ಪ್ರತಿ ವರ್ಷ ತಿನ್ನುತ್ತೇನೆ.

ಜಾತ್ರೆಯ ಆಟ ನಡೆಸುವವರಿಗೆ ಇಲ್ಲಿ ಶೋಮೆನ್ ಅನ್ನುತ್ತಾರೆ. ತಲೆತಲಾಂತರದಿಂದ ಇದೇ ಕಸುಬು. ಮದುವೆ ಸಂಬಂಧವೂ ಹೆಚ್ಚಾಗಿ ತಮ್ಮೊಳಗೇ. ಕಿಂಗ್ಸ್ ಲಿನ್ ಅನ್ನೋ ಊರಲ್ಲಿ ಫೆಬ್ರುವರಿ 14ಕ್ಕೆ ಜಾತ್ರೆ ತೆರೆಯುತ್ತದೆ. ಅವರ ವರ್ಷ ಅಲ್ಲಿಂದ ಶುರು. ಊರೂರು ಸುತ್ತಿ, ಅಕ್ಟೋಬರ್‌ನಲ್ಲಿ ನಾಟಿಂಗ್‌ಹ್ಯಾಮ್, ಹಲ್ ಊರುಗಳ ಜಾತ್ರೆ ಮುಗಿಸಿ, ಚಳಿಗಾಲಕ್ಕೆ ಗಾಡಿ, ಆಟ ಎಲ್ಲ ನಿಲ್ಲಿಸಿಕೊಂಡು ಇರುವ ತಮ್ಮ ಯಾರ್ಡ್‌ಗೆ ವಾಪಸ್. ಅಲ್ಲಿ ಬಣ್ಣ ಹಚ್ಚುವುದು, ಬೇರಿಂಗ್ ಬದಲಿಸುವುದು. ತಮ್ಮೊಳಗೆ ಆಡುವ ಗುಟ್ಟಿನ ಮಾತುಗಳೂ ಇವೆ. ಜಾತ್ರೆಯ ನೆಲಕ್ಕೆ 'ಟೋಬರ್' ಅನ್ನುತ್ತಾರೆ. ನಮ್ಮಂಥ ಹೊರಗಿನವರಿಗೆ 'ಫ್ಲ್ಯಾಟಿ'.

ನಮ್ಮ ತೊಟ್ಟಿಲಿನವರ ವರ್ಷ ದೀಪಾವಳಿ ಆದ ಮೇಲೆ ಶುರುವಾಗಿ ಮುಂಗಾರಿಗೆ ಮುಗಿಯುತ್ತದೆ. ಸಂಕ್ರಾಂತಿಗೆ ಯಾದಗಿರಿ ಹತ್ತಿರದ ಮೈಲಾಪುರ. ಜನವರಿಯಲ್ಲೇ ಹುಮನಾಬಾದಿನ ವೀರಭದ್ರೇಶ್ವರ. ಶಿವರಾತ್ರಿಗೆ ಬೀದರಿನ ಪಾಪನಾಶ. ಹೋಳಿ ಆದ ಮೇಲೆ ಕಲಬುರಗಿ. ಇದರ ನಡುವೆ ಖ್ವಾಜಾ ಬಂದೇ ನವಾಜ್ ಉರುಸ್ ಬರುತ್ತದೆ. ಅದು ಚಂದ್ರನ ಲೆಕ್ಕ, ವರ್ಷ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಮುತ್ಯಾನ ಲಾರಿಯ ಕ್ಯಾಬಿನ್‌ನಲ್ಲಿ ಒಂದು ಕಾಲನಿರ್ಣಯ ಕ್ಯಾಲೆಂಡರ್ ತೂಗುತ್ತಿತ್ತು. ತೇರಿನ ದಿನಗಳಿಗೆ ಕುಂಕುಮದ ಬೊಟ್ಟು, ಉರುಸಿನ ದಿನಕ್ಕೆ ಹಸಿರು ಪೆನ್ನಿನ ಸುತ್ತು. ಪಂಚಾಂಗ ಮತ್ತು ಹಿಜರಿ ಎರಡೂ ಗೊತ್ತಿರದಿದ್ದರೆ ನಮ್ಮ ಜಿಲ್ಲೆಯಲ್ಲಿ ತೊಟ್ಟಿಲು ತಿರುಗಿಸಿ ಬದುಕಲು ಆಗುವುದಿಲ್ಲ.

ಎರಡೂ ಕಡೆಯವರಲ್ಲಿ ನಾನು ಕಂಡ ಹೋಲಿಕೆ ಜಾಸ್ತಿ. ಒಂದು ಸಲ ಇಲ್ಲಿನ ಒಬ್ಬ ಅಜ್ಜಿ ಟೀ ಕುಡಿಯಲು ತಮ್ಮ ಗಾಡಿಮನೆಗೆ ಕರೆದರು. ಬಾಗಿಲಲ್ಲೇ ಬೂಟು ಬಿಚ್ಚಬೇಕು. ಒಳಗೆ ಒಂದು ಧೂಳಿನ ಕಣ ಇಲ್ಲ. ಗಾಜಿನ ಕಪಾಟಿನಲ್ಲಿ ಕ್ರೌನ್ ಡರ್ಬಿ ಪಿಂಗಾಣಿ ಬಟ್ಟಲುಗಳು ಸಾಲಾಗಿ ಇದ್ದವು. ಒಂದೊಂದನ್ನೂ ಪ್ರತಿ ಊರಿಗೂ ಬಟ್ಟೆಯಲ್ಲಿ ಸುತ್ತಿ ಒಯ್ದು, ಮತ್ತೆ ತೆಗೆದು ಜೋಡಿಸುತ್ತಾರೆ. ಆಗ ನನ್ನ ಕಣ್ಣಿಗೆ ಬಂದದ್ದು ಮುತ್ಯಾನ ಸೊಸೆಯ ಗುಡಾರ. ಇಟ್ಟಂಗಿ ಒಲೆಯ ಪಕ್ಕ ಹಲಗೆಯ ಮೇಲೆ ಹಿತ್ತಾಳೆ ಕೊಡ, ಸ್ಟೀಲ್ ಡಬ್ಬಿ, ತಟ್ಟೆ, ಎಲ್ಲ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ ಕನ್ನಡಿಯ ಹಾಗೆ ಇಟ್ಟಿರುತ್ತಿದ್ದರು. ಮನೆಗೆ ಗೋಡೆ ಇಲ್ಲದವರ ಅಚ್ಚುಕಟ್ಟು ಅದು. ದಾರಿಹೋಕರು ಏನು ಅಂದುಕೊಳ್ಳುತ್ತಾರೋ ಅನ್ನುವ ಎಚ್ಚರವೂ ಅದರಲ್ಲಿದೆ.

ಸಾವಿನ ಬಾವಿಯದೂ ಹಾಗೆ. ನಮ್ಮ ಕಡೆ ಮೌತ್ ಕಾ ಕುವಾ ಅಂತಲೇ ಕರೆಯುತ್ತೇವೆ. ಹಲಗೆಯ ಗೋಡೆಯ ಮೇಲೆ ಬೈಕು ಸುತ್ತುತ್ತಾ ಮೇಲೆ ಬಂದಾಗ ಜನ ಹತ್ತು ಇಪ್ಪತ್ತರ ನೋಟು ಹಿಡಿದು ಕೈ ಚಾಚುತ್ತಾರೆ. ಸವಾರ ಹಾಗೇ ಕಿತ್ತುಕೊಂಡು ಇಳಿಯುತ್ತಾನೆ. ಬ್ರಿಟನ್ನಿಗೆ ಈ ಆಟ ಬಂದದ್ದು 1929ರಲ್ಲಿ. ಈಗ ಕೆಲವೇ ಉಳಿದಿವೆ. ಇಲ್ಲಿ ಆಟ ಮುಗಿದ ಮೇಲೆ ಸವಾರ ನಡುವೆ ನಿಂತು, ನಮಗೆ ಯಾರೂ ವಿಮೆ ಕೊಡಲ್ಲ, ಬಿದ್ದವರ ಆಸ್ಪತ್ರೆ ಖರ್ಚಿಗೆ ನೀವೇ ಕೊಡಬೇಕು ಅಂತ ಹೇಳುತ್ತಾನೆ. ಮೇಲಿನಿಂದ ನಾಣ್ಯದ ಮಳೆ ಬೀಳುತ್ತದೆ. ಎರಡು ದೇಶ, ಒಂದೇ ಬಾವಿ, ಒಂದೇ ಕೈ ಚಾಚುವಿಕೆ. ಅದನ್ನು ಭಿಕ್ಷೆ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ.

ಇಷ್ಟೆಲ್ಲ ಒಂದೇ ಥರ ಇದ್ದರೂ ಒಂದು ವಿಷಯದಲ್ಲಿ ನಮ್ಮವರು ಬಹಳ ಸೋತಿದ್ದಾರೆ. ನಾನು ಇದನ್ನು ಬರೆಯಲು ಕೂತದ್ದೂ ಅದಕ್ಕೇ.

ಎರಡು ವರ್ಷದ ಹಿಂದೆ ಜಾತ್ರೆಗೆ ಊರಿಗೆ ಹೋಗಿದ್ದೆ. ಮುತ್ಯಾ ತೀರಿಕೊಂಡು ಬಹಳ ವರ್ಷವಾಗಿದೆ. ಈಗ ತೊಟ್ಟಿಲು ನೋಡಿಕೊಳ್ಳುವುದು ಅವರ ಸೊಸೆ. ನಾನು ಅಕ್ಕ ಅನ್ನುತ್ತೇನೆ. ಅವ್ವ ಕೊಟ್ಟ ಮಜ್ಜಿಗೆ ತಂಬಿಗೆ ಹಿಡಿದು ಹೋಗಿ ಕೂತೆ. ಬೇರೆ ಜಾತ್ರೆಗಳು ಹೇಗಾದವು ಅಂತ ಸುಮ್ನೆ ಕೇಳಿದೆ. ಅಕ್ಕ ಒಂದು ಊರಿನ ಹೆಸರು ಹೇಳಿದರು. ಆ ಊರಿನ ಹೆಸರು ಇಲ್ಲಿ ಬೇಡ.

"ಅಲ್ಲಿಗಿ ಹೋಗ್ಲಿಲ್ಲ ತಮ್ಮಾ. ಹರಾಜು ನಾಕು ಪಟ್ಟು ಏರ್ಸ್ಯಾರ. ಹೊರಗಿನವ ಒಬ್ಬನೇ ಇಡೀ ಬಯಲು ಹಿಡ್ದಾನ."

"ಎಷ್ಟು ವರ್ಷದಿಂದ ಹೋಗ್ತಿದ್ರಿ ಅಕ್ಕ?"

"ನಾ ಸೊಸಿಯಾಗಿ ಬರೂಕಿಂತ ಮೊದ್ಲಿಂದ. ನಮ್ಮ ಮಾವ ಅಲ್ಲಿ ಫರಶಿ ಊರಿ ಬಿಟ್ಟಿದ್ರು. ವರ್ಷಾ ಬರೋದೇ ಅದಲ್ಲ, ಮತ್ಯಾಕ ಕಿತ್ತಬೇಕು ಅಂತ. ಈಗ ಅವನ ತೊಟ್ಟಿಲು ನಮ್ಮ ಕಲ್ಲಿನ ಮ್ಯಾಲೇ ನಿಂತದ."

ಸಿಟ್ಟಿನಿಂದ ಹೇಳಲಿಲ್ಲ. ಟಿಕೆಟ್ ಕಟ್ಟು ಎಣಿಸುತ್ತಾ ಹೇಳಿದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮಲ್ಲಿ ಬಹಳ ಕಡೆ ಹೀಗೇ ನಡೆಯುತ್ತದೆ. ಜಾತ್ರೆಯ ಬಯಲನ್ನು ಇಡಿಯಾಗಿ ಹರಾಜು ಹಾಕುತ್ತಾರೆ. ಹೆಚ್ಚು ಕೂಗಿದವನಿಗೆ ಗುತ್ತಿಗೆ. ಅವನು ಅಡಿ ಲೆಕ್ಕದಲ್ಲಿ ಬಳೆಯವರಿಗೆ, ಬೆಂಡು ಬತ್ತಾಸಿನವರಿಗೆ, ಆಟಿಕೆಯವರಿಗೆ, ತೊಟ್ಟಿಲಿನವರಿಗೆ ಒಳಬಾಡಿಗೆ ಕೊಡುತ್ತಾನೆ. ಮೂವತ್ತು ವರ್ಷದಿಂದ ಬರುವವರಾದರೂ ಅಷ್ಟೇ, ಮೊದಲ ಸಲ ಬಂದವರಾದರೂ ಅಷ್ಟೇ. ನೆನಪಿಗೆ ಅಲ್ಲಿ ಬೆಲೆ ಇಲ್ಲ. ಬಳೆಗಾರ ಅಜ್ಜಿಗೆ ನಮ್ಮವ್ವನ ಕೈ ಅಳತೆ ಬಾಯಿಪಾಠ ಗೊತ್ತು. ಕೂರುವ ಜಾಗ ಮಾತ್ರ ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕು.

ಇಲ್ಲಿ ಹಾಗಿಲ್ಲ. ಶೋಮೆನ್ಸ್ ಗಿಲ್ಡ್ ಅಂತ ಅವರದೇ ಒಂದು ಸಂಘ ಇದೆ. ಒಬ್ಬ ಸದಸ್ಯ ಒಂದು ಜಾತ್ರೆಯಲ್ಲಿ ಒಂದೇ ಜಾಗದಲ್ಲಿ ಸತತ 2 ವರ್ಷ ನಿಂತರೆ ಆ ಜಾಗದ ಮೇಲೆ ಅವನಿಗೆ ಹಕ್ಕು ಬರುತ್ತದೆ. ಇನ್ನೊಬ್ಬ ಸದಸ್ಯ ಹೆಚ್ಚು ದುಡ್ಡು ತೋರಿಸಿ ಅದನ್ನು ಕಸಿದುಕೊಳ್ಳುವಂತಿಲ್ಲ. ಹಕ್ಕು ಮಕ್ಕಳಿಗೂ ಹೋಗುತ್ತದೆ. ಇದು ಸಂಘದೊಳಗಿನ ಕಟ್ಟು. ಮರದ ತುಂಡು ತೂರಿಸುತ್ತಿದ್ದ ಆ ಹಿರಿಯರು ನೆಲಕ್ಕೆ ಬೆರಳು ತೋರಿಸಿ, ನನ್ನಪ್ಪ ನಿಂತದ್ದೂ ಇಲ್ಲೇ ಅಂದಿದ್ದರು. ಬಾಡಿಗೆಯನ್ನು ಅವರೂ ಕಟ್ಟುತ್ತಾರೆ. ಆದರೆ ಮುಂದಿನ ವರ್ಷ ಎಲ್ಲಿ ನಿಲ್ಲಬೇಕು ಅನ್ನೋ ಚಿಂತೆ ಅವರ ನಿದ್ದೆ ಕೆಡಿಸುವುದಿಲ್ಲ. ಆ ಧೈರ್ಯದ ಮೇಲೆ ಸಾಲ ತೆಗೆದು ಹೊಸ ಆಟ ತರುತ್ತಾರೆ, ಹಳೆಯದನ್ನು ಚೆನ್ನಾಗಿ ಇಟ್ಟುಕೊಳ್ಳುತ್ತಾರೆ. ಇಲ್ಲಿನ ಆಟಗಳಿಗೆ ವರ್ಷಕ್ಕೊಮ್ಮೆ ಹೊರಗಿನ ತಪಾಸಣೆ ಆಗಬೇಕು, ಪ್ರಮಾಣಪತ್ರ ಇಲ್ಲದೆ ತಿರುಗಿಸುವ ಹಾಗಿಲ್ಲ. ಆ ಖರ್ಚು ತಡೆಯುವ ಶಕ್ತಿ ಬರುವುದೂ ನಾಳೆಯ ಜಾಗ ಖಾತ್ರಿ ಇದ್ದಾಗಲೇ. ನಮ್ಮಲ್ಲಿ ತೊಟ್ಟಿಲು ಮುರಿದು ಬಿದ್ದ ಸುದ್ದಿ ಬಂದಾಗ ನಡೆಸುವವನನ್ನು ಬೈಯುತ್ತೇವೆ. ಮುಂದಿನ ತಿಂಗಳು ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದವನು ಹೊಸ ಬೇರಿಂಗ್ ಯಾವ ಧೈರ್ಯದಿಂದ ತರುತ್ತಾನೆ ಹೇಳಿ.

ಈ ಹಕ್ಕು ಯಾರೋ ಕರೆದು ಕೊಟ್ಟದ್ದಲ್ಲ. 1880ರ ದಶಕದಲ್ಲಿ ಜಾರ್ಜ್ ಸ್ಮಿತ್ ಎಂಬ ಸಮಾಜ ಸುಧಾರಕ ಇಲ್ಲಿ ಒಂದು ಮಸೂದೆಗೆ ಹೊರಟ. ಗಾಡಿಯಲ್ಲಿ ಬದುಕುವ ಎಲ್ಲರೂ ಗಾಡಿಯನ್ನು ನೋಂದಾಯಿಸಬೇಕು, ಅಧಿಕಾರಿಗಳು ಒಳಗೆ ಹೊಕ್ಕು ನೋಡಬಹುದು, ಇಂಥವು ಅದರಲ್ಲಿದ್ದವು. ಜಾತ್ರೆಯವರು ಒಟ್ಟಾದರು. 1889ರಲ್ಲಿ ಗಾಡಿವಾಸಿಗಳ ಸಂಘ ಕಟ್ಟಿಕೊಂಡರು, ಮಸೂದೆ ಕಾಯ್ದೆ ಆಗದಂತೆ ನೋಡಿಕೊಂಡರು. ಅದೇ ಸಂಘ 1917ರಲ್ಲಿ ಶೋಮೆನ್ಸ್ ಗಿಲ್ಡ್ ಅನ್ನೋ ಹೆಸರು ಪಡೆಯಿತು.

ಇದನ್ನು ಓದುವಾಗ ನನಗೆ ಇನ್ನೊಂದು ವರ್ಷ ನೆನಪಾಯಿತು, 1871. ಅದೇ ಬ್ರಿಟಿಷ್ ಆಡಳಿತ ನಮ್ಮ ದೇಶದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದ ವರ್ಷ. ತಿರುಗಾಡಿ ಬದುಕುವ ಎಷ್ಟೋ ಜನರನ್ನು ಹುಟ್ಟಿನಿಂದಲೇ ಕಳ್ಳರು ಅಂತ ಬರೆದುಕೊಂಡರು. ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು, ಹೇಳದೆ ಊರು ಬಿಡಬಾರದು. ನಮ್ಮ ಕಲಬುರಗಿ, ಯಾದಗಿರಿ, ಬೀದರ ಆಗ ನಿಜಾಮರ ಸೀಮೆ. ಆದರೆ ಜಾತ್ರೆಯವರಿಗೆ ಸೀಮೆ ಎಲ್ಲಿದೆ? ಪಕ್ಕದ ಸೊಲ್ಲಾಪುರಕ್ಕೆ ಕಾಲಿಟ್ಟರೆ ಬ್ರಿಟಿಷರ ನೆಲ. ಅಲ್ಲಿ ತಂತಿಬೇಲಿ ಹಾಕಿ ಜನರನ್ನು ಕೂಡಿಹಾಕಿದ ಸೆಟಲ್‌ಮೆಂಟ್ ಇತ್ತು. ಹುಬ್ಬಳ್ಳಿಯಲ್ಲೂ ಇತ್ತು. ಇವತ್ತಿಗೂ ಆ ಎರಡೂ ಊರಲ್ಲಿ ಆ ಭಾಗಕ್ಕೆ ಸೆಟಲ್‌ಮೆಂಟ್ ಅನ್ನೋ ಹೆಸರು ಹೋಗಿಲ್ಲ. ಕಾಯ್ದೆ ರದ್ದಾದದ್ದು 1952ರಲ್ಲಿ.

ಲಂಡನ್ನಿನಲ್ಲಿ ಮಸೂದೆಯಾಗಿಯೇ ಉಳಿದದ್ದು ನಮ್ಮಲ್ಲಿ 80 ವರ್ಷ ಕಾನೂನಾಗಿತ್ತು. ಇಲ್ಲಿನ ತಿರುಗಾಡುವವರು ಸಂಘ ಕಟ್ಟಿದ ಕಾಲದಲ್ಲಿ ನಮ್ಮ ತಿರುಗಾಡುವವರು ಠಾಣೆಯಲ್ಲಿ ಹಾಜರಿ ಹಾಕುತ್ತಿದ್ದರು. ಡೊಂಬರು, ಬುಡ್ಗ ಜಂಗಮರು, ಸುಡುಗಾಡು ಸಿದ್ಧರು, ಕಿಳ್ಳೇಕ್ಯಾತರು, ಹಗಲುವೇಷದವರು, ಗೊಂದಲಿಗರು, ಹೆಳವರು. ಇವರಲ್ಲಿ ಯಾರ ಹೆಸರು ಆ ಪಟ್ಟಿಯಲ್ಲಿತ್ತು, ಯಾರದು ಇರಲಿಲ್ಲ ಅನ್ನೋದು ಬೇರೆ ಮಾತು. ಗುಡಾರ ಹಾಕಿದವರನ್ನು ಕಂಡರೆ ಅನುಮಾನದಿಂದ ನೋಡುವ ಕಣ್ಣು ಎಲ್ಲರ ಮೇಲೂ ಬಿತ್ತು. ಅದು ಇನ್ನೂ ಪೂರ್ತಿ ಹೋಗಿಲ್ಲ. ಊರಲ್ಲಿ ಒಂದು ಸೈಕಲ್ ಕಳುವಾದರೆ ಮೊದಲು ಯಾರ ಗುಡಾರ ಜಾಲಾಡುತ್ತಾರೆ ಅಂತ ನಮಗೆಲ್ಲ ಗೊತ್ತು.

2025ರಲ್ಲಿ ನಮ್ಮ ರಾಜ್ಯದ ಪರಿಶಿಷ್ಟ ಜಾತಿಯ ಒಳಮೀಸಲಾತಿಯ ಚರ್ಚೆ ನಡೆದಾಗ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 59 ಅಲೆಮಾರಿ ಸಮುದಾಯಗಳಿಗೆ ಬೇರೆಯಾಗಿ ಶೇ 1ರಷ್ಟು ಕೊಡಬೇಕು ಅಂದಿತ್ತು. ಆಗಸ್ಟ್‌ನಲ್ಲಿ ಸಂಪುಟ ಅವರನ್ನು ಶೇ 5ರ ದೊಡ್ಡ ಗುಂಪಿಗೆ ಸೇರಿಸಿತು. ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು ಕೂತರು. ಇಲ್ಲಿ ಮೊಬೈಲಿನಲ್ಲಿ ಆ ಚಿತ್ರಗಳನ್ನು ನೋಡುತ್ತಿದ್ದೆ. ಬಣ್ಣದ ವೇಷ, ಕೈಯಲ್ಲಿ ವಾದ್ಯ. ಜಾತ್ರೆಯಲ್ಲಿ ನೋಡಿ ಕಾಸು ಕೊಟ್ಟ ವೇಷಗಳೇ. ಅವರ ಮಾತು ಸರಿ ಅಂತ ನನಗೆ ಅನಿಸಿತು, ಈಗಲೂ ಅನಿಸುತ್ತದೆ. ದೊಡ್ಡವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಇಂದು ಇಲ್ಲಿ ನಾಳೆ ಅಲ್ಲಿ ಇರುವವರ ಸರದಿ ಬರುವುದು ಕಷ್ಟ.

ಗಿಲ್ಡ್‌ನ ಕಟ್ಟು ಎಲ್ಲ ಬಂಗಾರ ಅಂತ ನಾನು ಹೇಳುವುದಿಲ್ಲ. ಹಳಬರಿಗೆ ಹಕ್ಕು ಗಟ್ಟಿಯಾದಷ್ಟೂ ಹೊಸಬರಿಗೆ ಬಾಗಿಲು ಮುಚ್ಚುತ್ತದೆ. ಇಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆಗಳ ಪ್ರಾಧಿಕಾರ ಇದನ್ನೇ ಪ್ರಶ್ನಿಸಿತು. 2017ರಲ್ಲಿ ಗಿಲ್ಡ್ ನಿಯಮ ಸಡಿಲಿಸುವುದಾಗಿ ಒಪ್ಪಿಕೊಂಡಿತು. ಇನ್ನು ಚಳಿಗಾಲದ ಯಾರ್ಡ್ ವಿಷಯದಲ್ಲಿ ಇವರ ಪಾಡೂ ಸುಲಭ ಇಲ್ಲ. ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಬರುವ ಜನವೇ ತಮ್ಮ ಮನೆ ಪಕ್ಕ ಯಾರ್ಡ್ ಬರುತ್ತದೆ ಅಂದರೆ ತಕರಾರು ಹಾಕುತ್ತಾರೆ. ಗ್ಲಾಸ್ಗೋದಲ್ಲಿ ಶೋಮೆನ್ ಕುಟುಂಬಗಳು ಬಹಳ. ಅಲ್ಲಿ ಹೊಸ ಕಟ್ಟಡಗಳು ಏಳುತ್ತಾ ಬಂದ ಹಾಗೆ ಹಳೆಯ ಯಾರ್ಡ್‌ಗಳು ಕರಗುತ್ತಿವೆ. ಆದರೂ 2022ರ ಸ್ಕಾಟ್ಲೆಂಡ್ ಜನಗಣತಿಯಲ್ಲಿ ಶೋಮೆನ್ ಅಂತಲೇ ಒಂದು ಚೌಕ ಇತ್ತು, ಗುರುತು ಹಾಕಲು. ಎಣಿಕೆಗೆ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಮಕ್ಕಳ ಓದಿನ ಮಾತಿಗೆ ಬರುತ್ತೇನೆ. ಇದು ನನ್ನನ್ನು ಹೆಚ್ಚು ಕಾಡುತ್ತದೆ.

ನನ್ನ ಹೆಂಡತಿ ಇಲ್ಲಿನ ಒಂದು ಪ್ರಾಥಮಿಕ ಶಾಲೆಯ ಆಫೀಸಿನಲ್ಲಿ ಹಾಜರಿ ನೋಡಿಕೊಳ್ಳುತ್ತಾಳೆ. ಹಾಜರಿ ಪುಸ್ತಕದಲ್ಲಿ ಟಿ ಅನ್ನೋ ಒಂದು ಗುರುತು ಇದೆ. ಅಪ್ಪ ಅಮ್ಮ ಕಸುಬಿಗಾಗಿ ತಿರುಗಾಟದಲ್ಲಿದ್ದಾರೆ, ಮಗು ಅವರ ಜೊತೆ ಹೋಗಿದೆ ಅಂತ ಅದರ ಅರ್ಥ. ಶಾಲೆಯಲ್ಲಿ ಹೆಸರು ಉಳಿಯುತ್ತದೆ. ದಿನಕ್ಕೆ ಬೆಳಿಗ್ಗೆ ಮಧ್ಯಾಹ್ನ ಎರಡು ಹೊತ್ತಿನ ಲೆಕ್ಕ. ಅಂಥ ಮಗು 12 ತಿಂಗಳಲ್ಲಿ 200 ಹೊತ್ತು ಶಾಲೆಗೆ ಬಂದಿದ್ದರೆ ತಂದೆತಾಯಿಯ ಮೇಲೆ ಗೈರುಹಾಜರಿಯ ಮೊಕದ್ದಮೆ ನಿಲ್ಲುವುದಿಲ್ಲ. ಒಂದು ಅಕ್ಷರ ಅಷ್ಟೇ. ಆದರೆ ಅದರ ಹಿಂದೆ ನಿಮ್ಮ ಬದುಕು ನಮಗೆ ಅರ್ಥವಾಗಿದೆ ಅನ್ನೋ ಮಾತು ಇದೆ. ಮಾರ್ಚ್ ಬಂದರೆ ಎರಡು ಮಕ್ಕಳು ಹೊರಡುತ್ತಾರೆ, ಬ್ಯಾಗಿನಲ್ಲಿ ಟೀಚರ್ ಕಟ್ಟಿಕೊಟ್ಟ ಪಾಠದ ಹಾಳೆಗಳು ಇರುತ್ತವೆ ಅಂತ ಅವಳು ಹೇಳುತ್ತಾಳೆ.

ನಾನು ಜಾತ್ರೆಗೆ ಹೋದಾಗ ತೊಟ್ಟಿಲಿನ ಅಕ್ಕನ ಮಗಳಿಗೆ ಒಂಬತ್ತು ವರ್ಷ. ತೊಟ್ಟಿಲಿನ ಟಿಕೆಟ್ ಅವಳ ಕೈಯಲ್ಲಿ. ಐದು ಮಂದಿ ಬಂದು ಇನ್ನೂರರ ನೋಟು ಕೊಟ್ಟರೆ ಚಿಲ್ಲರೆ ಎಷ್ಟು ಅಂತ ಯೋಚಿಸುವುದೇ ಇಲ್ಲ, ಬೆರಳು ತಾನಾಗಿ ಎಣಿಸುತ್ತದೆ. ಯಾವ ಕ್ಲಾಸವ್ವ ಅಂತ ಕೇಳಿದೆ. "ಶಾಲ್ಯಾಗ ಹೆಸರದ ರೀ ಮಾಮಾ" ಅಂದಳು. ಅಷ್ಟೇ ಹೇಳಿ ಮುಂದಿನವರಿಗೆ ಟಿಕೆಟ್ ಹರಿದಳು. ಹೆಸರು ಇದೆ, ಮಗು ಇಲ್ಲ.

ನಮ್ಮಲ್ಲಿ ದಾರಿ ಇಲ್ಲ ಅಂತ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಗುಳೆ ಹೋದವರ ಮಕ್ಕಳಿಗೆ ಟೆಂಟ್ ಶಾಲೆ, ಊರಲ್ಲೇ ಉಳಿಯುವ ಮಕ್ಕಳಿಗೆ ಋತುಮಾನದ ಹಾಸ್ಟೆಲ್, ಇವು ಯಾದಗಿರಿ ಕಲಬುರಗಿಯವರಿಗೆ ಹೊಸ ಮಾತಲ್ಲ. ಗುಳೆ ಅಂದರೆ ಏನು ಅಂತ ನಮ್ಮಷ್ಟು ಗೊತ್ತಿರುವ ಜಿಲ್ಲೆ ಯಾವುದಿದೆ? ಜಾತ್ರೆಯೂ ಒಂದು ಥರದ ಗುಳೆಯೇ. ಇಷ್ಟು ದಿನ ಇಂಥ ಊರು ಅಂತ ಮೊದಲೇ ಗೊತ್ತಿರುವ ಗುಳೆ. ಹಾಗಾದರೆ ಜಾತ್ರೆಯ ಬಯಲಲ್ಲಿ, ಪೊಲೀಸ್ ಚೌಕಿ ಮತ್ತು ಆರೋಗ್ಯ ಶಿಬಿರದ ಪಕ್ಕ, ಬೆಳಿಗ್ಗೆ ಮೂರು ತಾಸು ಒಂದು ಟೆಂಟ್ ಶಾಲೆ ಯಾಕೆ ಇರಬಾರದು? ಜಾತ್ರೆಯ ಕೆಲಸ ಶುರುವಾಗುವುದೇ ಬಿಸಿಲು ಇಳಿದ ಮೇಲೆ. ಬೆಳಿಗ್ಗೆ ಆ ಮಕ್ಕಳು ಗುಡಾರದ ನೆರಳಲ್ಲಿ ಸುಮ್ಮನೆ ಕೂತಿರುತ್ತಾರೆ.

ಊರನ್ನು ಬೈದು ಪರದೇಶವನ್ನು ಹೊಗಳುತ್ತಿದ್ದೇನೆ ಅಂತ ದಯವಿಟ್ಟು ತಿಳಿಯಬೇಡಿ. ಇಲ್ಲಿ ಕಾಣದ ಒಂದು ನಮ್ಮಲ್ಲಿದೆ, ಅದು ದೊಡ್ಡದು. ಇಲ್ಲಿ ಜಾತ್ರೆ ಅಂದರೆ ಈಗ ಪೂರ್ತಿ ವ್ಯಾಪಾರ. ಮೇಯರ್ ಬಂದು ಬೆಳ್ಳಿ ಗಂಟೆ ಬಾರಿಸಿ ಶುರು ಮಾಡುತ್ತಾರೆ, ಚಂದವೇ. ಆದರೆ ರಾತ್ರಿ ಹನ್ನೊಂದಕ್ಕೆ ಆಟ ನಿಲ್ಲಿಸಿದ ಹುಡುಗನಿಗೆ ಊರು ಊಟ ಹಾಕುವುದಿಲ್ಲ. ಕಲಬುರಗಿಯಲ್ಲಿ ದಾಸೋಹದ ಪಂಕ್ತಿಯಲ್ಲಿ ಮುತ್ಯಾನ ಮೊಮ್ಮಕ್ಕಳು ನಮ್ಮ ಪಕ್ಕವೇ ಕೂತು ಉಂಡಿದ್ದಾರೆ. ಯಾರವರು, ಎಲ್ಲಿಯವರು ಅಂತ ಯಾರೂ ಕೇಳಲಿಲ್ಲ. 1746ರಲ್ಲಿ ಹುಟ್ಟಿ 1822ರವರೆಗೆ ಬದುಕಿದ ಶರಣಬಸವೇಶ್ವರರನ್ನು ನಮ್ಮ ಜನ ನೆನೆಯುವುದೇ ಅನ್ನದಿಂದ. ಉರುಸಿನಲ್ಲೂ ಹಾಗೆಯೇ. ಸಂದಲ್ ಮೆರವಣಿಗೆ ಹೋಗುವ ದಾರಿಯಲ್ಲಿ ಸರಬತ್ತು ಹಂಚುವವರು ತೊಟ್ಟಿಲಿನವರ ಗುಡಾರಕ್ಕೂ ಒಂದು ಕೊಡ ಕೊಟ್ಟು ಹೋಗುತ್ತಿದ್ದರು. ಇಷ್ಟು ದೊಡ್ಡ ಮನಸ್ಸಿನ ಊರು ಅವರಿಗೆ ಒಪ್ಪತ್ತು ಅನ್ನ ಕೊಡುತ್ತದೆ. ನಿಲ್ಲುವ ಜಾಗ ಕೊಡಲು ಮಾತ್ರ ಮರೆತಿದೆ.

ನಾನು ಕೇಳುವುದು ಬಹಳ ಇಲ್ಲ. ಹರಾಜು ಪೂರ್ತಿ ನಿಲ್ಲಿಸಿ ಅನ್ನುವುದಿಲ್ಲ. ಜಾತ್ರೆಗೂ ಖರ್ಚಿದೆ, ನೀರು, ದೀಪ, ಸ್ವಚ್ಛತೆ, ಎಲ್ಲಕ್ಕೂ ದುಡ್ಡು ಬೇಕು. ಆದರೆ ಬಯಲಿನ ಒಂದು ಪಾಲನ್ನು ಹರಾಜಿನಿಂದ ಹೊರಗಿಡಲಿ. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಬಂದವರ ಪಟ್ಟಿ ಮಾಡಲಿ. ಆ ಪಾಲು ಅವರಿಗೆ, ನಿಗದಿ ಬಾಡಿಗೆಗೆ, ಮನೆತನದ ಹೆಸರಲ್ಲಿ. ಉಳಿದದ್ದು ಹೊಸಬರಿಗೂ ದೊಡ್ಡ ಗುತ್ತಿಗೆದಾರರಿಗೂ ಇರಲಿ, ಬಾಗಿಲು ಮುಚ್ಚುವುದು ಬೇಡ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ 50 ವರ್ಷ ದಾಟಿದ ಬೀದಿ ಸಂತೆಯನ್ನು ಪಾರಂಪರಿಕ ಮಾರುಕಟ್ಟೆ ಅಂತ ಗುರುತಿಸಿ ಅಲ್ಲಿನವರನ್ನು ಎತ್ತಂಗಡಿ ಮಾಡಬಾರದು ಅನ್ನುತ್ತದೆ. ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗೆ ಅದು ನೇರವಾಗಿ ಒಗ್ಗದಿರಬಹುದು. ಆದರೆ ಒಂದೇ ಜಾಗಕ್ಕೆ ಇಷ್ಟು ಕಾಲ ಬಂದವರಿಗೆ ಆ ಜಾಗದ ಮೇಲೆ ಏನೋ ಒಂದು ಹಕ್ಕು ಇದೆ ಅಂತ ನಮ್ಮ ಕಾನೂನೇ ಒಪ್ಪಿದೆಯಲ್ಲ. ಜಾತ್ರಾ ಕಮಿಟಿಯವರು ಮನಸ್ಸು ಮಾಡಿದರೆ ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸಭೆ, ಒಂದು ಠರಾವು ಸಾಕು.

ಹೋದ ತಿಂಗಳು ಅಪ್ಪನ ಜೊತೆ ಫೋನಿನಲ್ಲಿ ಮಾತಾಡುವಾಗ ಆ ಊರಿನ ಹೆಸರು ಹೇಳಿದೆ. ಅಲ್ಲಿನ ಕಮಿಟಿಯಲ್ಲಿ ಅಪ್ಪನ ಹಳೆಯ ಸ್ನೇಹಿತರೊಬ್ಬರು ಇದ್ದಾರೆ. ಮೊದಲು ಅಪ್ಪ ಸುಮ್ಮನಿದ್ದರು. ಆಮೇಲೆ, "ಕಲ್ಲು ಅದಾವ ಅಂತ ಹ್ಯಾಂಗ ಗೊತ್ತು ನಿಂಗ?" ಅಂದರು. ಅಕ್ಕ ಹೇಳಿದ್ದಾರೆ ಅಂದೆ. "ಬಾ ಹಂಗಾದ್ರ. ಅವರನ್ನೂ ಕರಕೊಂಡು ಹೋಗೂಣು. ಸಲಿಕಿ ನಾ ಹಿಡಕೋತೀನಿ."

ಟಿಕೆಟ್ ಮಾಡಿಸಿದ್ದೇನೆ. ಮುಂದಿನ ಹರಾಜಿಗಿಂತ ಮೊದಲು ನಾವು ಮೂವರೂ ಆ ಬಯಲಿಗೆ ಹೋಗಿ ಮಣ್ಣು ಕೆದರುತ್ತೇವೆ. ನಾಲ್ಕು ಫರಶಿಯನ್ನೂ ಕಮಿಟಿಯವರಿಗೆ ತೋರಿಸುತ್ತೇವೆ. ಅಕ್ಕನ ಮಾವ ಅವನ್ನು ಎಲ್ಲಿ ಊರಿದ್ದರೋ ಅಲ್ಲೇ.